ಕೊರೋನಾ ಕಾಲದಲ್ಲಿ ಹುಣಸೆಗೊಂದು ಪ್ರಾಜೆಕ್ಟು

ಕೆಲವರ ಮನೆಗೆ ಹಾವು ಹುಡುಕಿಕೊಂಡು ಬರುತ್ತೆ, ಕೆಲವರ ಮನೆಗೆ ನೆಂಟರು. ನಾನಿದ್ದಲ್ಲಿಗೆ ಇಂಥ ಪ್ರಸಂಗಗಳು ಬರುತ್ತವೆ. ನಾನಾಗಿ ಯಾವುದನ್ನೂ ಕರೆದವನಲ್ಲ. ಊರಿಗೆ ಊರೇ ಬಾಗಿಲು ಹಾಕಿಕೊಂಡು, ಆಂಬುಲೆನ್ಸು ಯಾರ ಮನೆ ಮುಂದೆ ನಿಲ್ಲುತ್ತೋ ಅಂತ ಕಿವಿಗೊಟ್ಟು ಕೂತಿದ್ದ ಕಾಲದಲ್ಲೂ ಅವು ಮಾಸ್ಕ್ ಕೂಡ ಇಲ್ಲದೆ ನೇರ ಒಳಕ್ಕೆ ಬಂದವು. ಇಲ್ಲಿ ಬರೆದಿರೋದೆಲ್ಲ ನಿಜ. ಜಾಸ್ತಿಯಾಯ್ತು ಅನ್ನಿಸಿದ ಕಡೆ ಓದುವವರೇ ಒಂದಿಷ್ಟು ಇಳಿಸಿಕೊಳ್ಳಬಹುದು.

ಭಾನುವಾರದ ರಜೆ

ನಾನು ಹಿಂದೂಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದೆ. ಕಾಲೇಜಿನ ಕಾರ್ಯದರ್ಶಿ ಹುಣಸೆಹಣ್ಣಿನ ಮಂಡಿ ಸಾವ್ಕಾರ್ರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲು. ಅವರ ವ್ಯಾಪಾರ ನೋಡೋದೇ ಒಂದು ಚೆಂದ. ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ರೇಟು ಹೇಳೋದು. ಮೊದಲ ರೇಟಿಗೇ ಒಪ್ಪಿಕೊಂಡವನು ಅವರ ಲೆಕ್ಕದಲ್ಲಿ ಒಂದೋ ಪೆದ್ದ, ಇಲ್ಲಾ ಕಳ್ಳ. ಆದ್ದರಿಂದ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಆಗಾಕಿಲ್ಲ ಬುಡಪ್ಪ" ಅಂತ ಎದ್ದು ಬಾಗಿಲ ಕಡೆ ನಡೀಬೇಕು. ನಿಧಾನಕ್ಕೆ ನಡೀಬೇಕು, ಅದೇ ಕಸುಬು. ಬೇಕಾದವನು ಕರೆದೇ ಕರೀತಾನೆ. ಆದರೆ ಕರೆಸಿಕೊಂಡು ವಾಪಸ್ ಬಂದವನು ಏನಾದರೂ ಒಂದಿಷ್ಟು ಬಿಡಲೇಬೇಕು. ಇಲ್ಲದಿದ್ದರೆ ಕರೆದವನ ಮರ್ಯಾದೆ ಏನಾಗಬೇಕು?

ಲಾಕ್‌ಡೌನಿನಲ್ಲಿ ನಮ್ಮೆಲ್ಲರ ಸಂಬಳ ಅರ್ಧವಾಯಿತು. ಅವರ ವಿದ್ಯೆಯನ್ನು ಅವರ ಮೇಲೇ ತಿರುಗಿಸೋಣ ಅಂತ ನಾನು ಹೋದೆ.

"ಆಗಾಕಿಲ್ಲ ಸಾವ್ಕಾರ್ರೆ. ಬ್ಯಾರೆ ಕಾಲೇಜ್ನೋರು ಕೇಳ್ತಾ ಅವ್ರೆ," ಅಂತ ಎದ್ದೆ. ಯಾರೂ ಕೇಳಿರಲಿಲ್ಲ. ಎಲ್ಲಾ ಕಾಲೇಜಿಗೂ ಬೀಗ ಬಿದ್ದಿತ್ತು.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಕರೆದರು. "ಬಾರಪ್ಪಾ ಮೇಷ್ಟ್ರೆ, ಯಾಕೆ ಕ್ವಾಪ?"

ಗೆದ್ದೆ ಅಂದುಕೊಂಡು ಬಂದು ಕೂತೆ.

"ಸಂಬಳ ಅರ್ಧಾನೇ ಕಣಪ್ಪ. ಆದ್ರೆ ನಾನಾಗಿ ಕರ್ದಿದೀನಲ್ಲ, ನೀನೇನು ಬುಡ್ತೀಯಾ ಹೇಳು."

ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಕಾಲೇಜೇ ಮುಚ್ಚಿದ್ದ ಕಾಲದಲ್ಲಿ ಭಾನುವಾರದ ರಜೆ ಕಳೆದುಕೊಂಡ ಮೇಷ್ಟ್ರು ಇಡೀ ದೇಶದಲ್ಲಿ ನಾನೊಬ್ಬನೇ.

ಹುಣಸೆಗೂ ಕೊರೋನಾಕ್ಕೂ ಏನು ಸಂಬಂಧ?

ನಮ್ಮ ಕಾಲೇಜಿನಲ್ಲಿ ಬಾಟನಿ ಮೇಡಮ್ ಒಬ್ಬರಿದ್ದರು. ಅವರು ನಕ್ಕಿದ್ದನ್ನು ನೋಡಿದವರಿಲ್ಲ. ಗೋದಾಮಿನಲ್ಲಿಟ್ಟ ಹುಣಸೆಹಣ್ಣು ವರ್ಷದೊಳಗೆ ಕಪ್ಪಾಗುತ್ತೆ, ಕಪ್ಪಾದರೆ ಕೇಳುವವರಿಲ್ಲ. ಎಷ್ಟು ದಿನ ಇಟ್ಟರೂ ಕೆಂಪಗೇ ಉಳಿಯುವ ಹಣ್ಣಿನ ಮರ ಹುಡುಕಿಕೊಂಡು ಆಕೆ ಹಳ್ಳಿಹಳ್ಳಿ ಅಲೆದಿದ್ದರು. ಸಿಕ್ಕ ಮರಗಳ ರೆಂಬೆ ತಂದು ಕಸಿ ಕಟ್ಟಿ, ಕಲ್ಯಾಣದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ದಾರಿಯಲ್ಲಿ ಪರಿಚಯದ ರೈತರೊಬ್ಬರ ಹೊಲದಲ್ಲಿ ನೆಟ್ಟಿದ್ದರು. ಆ ರೈತರನ್ನು ನಾವು ಹೊಲದಣ್ಣ ಅಂತಿದ್ದೆವು. ಇನ್ನೊಂದು ಬೇಸಿಗೆ ಟ್ಯಾಂಕರ್ ನೀರು ಉಣಿಸಿದರೆ ಗಿಡಗಳು ತಮ್ಮ ಕಾಲ ಮೇಲೆ ನಿಲ್ಲುತ್ತಿದ್ದವು.

ಅಷ್ಟರಲ್ಲಿ ಕೊರೋನಾ ಬಂತು, ಹಳೇ ಗ್ರಾಂಟು ನಿಂತಿತು. ಹೊಸ ಪ್ರಾಜೆಕ್ಟು ತರದಿದ್ದರೆ ಮೇಡಮ್ಮನ ಕೆಲಸ ಇಲ್ಲ ಅಂತ ಸಾವ್ಕಾರ್ರು ಹೇಳಿದರು. ನೀರು ಬರದಿದ್ದರೆ ಗಿಡ ಕಿತ್ತು ಕಡಲೆಕಾಯಿ ಹಾಕ್ತೀನಿ ಅಂತ ಹೊಲದಣ್ಣ ಹೇಳಿದ. ಮೇಡಮ್ಮು ನನ್ನನ್ನು ಜೊತೆಗೆ ಸೇರಿಸಿಕೊಂಡರು. ಹಣ್ಣು ಕಪ್ಪಾಗೋದು ಕೆಮಿಸ್ಟ್ರಿ ಅಂತ ಅವರೇ ಅಂದರು. ನಾನು ಕಾಲು ಹಿಡಿದು ಕೇಳಿಕೊಂಡೆ ಅನ್ನೋದು ಸ್ಟಾಫ್‌ರೂಮಿನವರು ಹಬ್ಬಿಸಿದ ಸುದ್ದಿ.

ಯಾವ ಸಂಸ್ಥೆಯ ಪ್ರಕಟಣೆ ತೆಗೆದರೂ ಕೊರೋನಾ ಸಂಶೋಧನೆಗೆ ಮಾತ್ರ ದುಡ್ಡು. ನಮ್ಮ ಹಿಸ್ಟರಿಯವನು ಕೂಡ ಹಳೇ ಪ್ಲೇಗಿನ ಹೆಸರು ಹೇಳಿ ಗ್ರಾಂಟು ಹೊಡೆದುಕೊಂಡಿದ್ದ. ಕಡೆಗೆ ಬೆಂಗಳೂರಿನ ಒಂದು ಸಂಸ್ಥೆಯ ಅಧಿಕಾರಿ ಫೋನಿನಲ್ಲಿ ಸಿಕ್ಕಿ, "ನಿಮ್ಮ ಹುಣಸೆಗೂ ಕೊರೋನಾಕ್ಕೂ ಏನಮ್ಮ ಸಂಬಂಧ?" ಅಂದರು.

ಮೇಡಮ್ ಸುಳ್ಳು ಹೇಳುವವರಲ್ಲ. ನಾನು ಫೋನ್ ಕಿತ್ತುಕೊಂಡೆ. "ಸಾರ್, ರೋಗದಲ್ಲಿ ರುಚಿ ಹೋಗುತ್ತಲ್ಲ, ವಾಪಸ್ ಬಂತಾ ಅಂತ ನೋಡೋಕೆ ಹುಣಸೆಗಿಂತ ಒಳ್ಳೇದು ಯಾವುದಿದೆ?"

"ಅರೆ!" ಅಂತ ಅವರು ನಕ್ಕರು. "ಯಾರ ಮೇಲಾದರೂ ನೋಡಿದ್ದೀರಾ?"

"ಸದ್ಯದಲ್ಲೇ ನೋಡ್ತೀವಿ ಸಾರ್," ಅಂದುಬಿಟ್ಟೆ. ಬಾಯಿಮಾತು ಅಷ್ಟು ಬೇಗ ಫಲಿಸಬಾರದಿತ್ತು. ಮುಂದಿನ ವಾರ ನನಗೇ ಬಂತು. ಐಸೋಲೇಷನ್ ಸೆಂಟರಿನಲ್ಲಿ ಮಲಗಿದ್ದೆ. ಬೆಳಿಗ್ಗೆ ಎದ್ದಾಗ ಪಕ್ಕದ ಮಂಚದವರು ಇರಲಿಲ್ಲ. "ಮನೆಗೆ ಹೋದ್ರಾ?" ಅಂತ ನರ್ಸಮ್ಮನನ್ನು ಕೇಳಿದೆ. ಆಕೆ ಆ ಮಂಚಕ್ಕೆ ಬೇರೆ ಬಟ್ಟೆ ಹಾಸಿದರು. ಅದೇ ಹೊತ್ತಿಗೆ ಮೇಡಮ್ಮನ ಫೋನು ಬಂತು. ಹೇಗಿದ್ದೀರಿ ಅಂತ ಕೇಳಲಿಲ್ಲ.

"ಗೇಟಲ್ಲಿ ಹುಣಸೆ ಪೊಟ್ಟಣ ಕೊಟ್ಟಿದ್ದೆ. ಬಾಯಿಗೆ ಹಾಕ್ಕೊಂಡ್ರಾ?"

"ಹಾಕ್ಕೊಂಡೆ ಮೇಡಮ್. ಮಣ್ಣು ತಿಂದಂಗಿದೆ."

"ಥೂ! ಹಾಗಾದ್ರೆ ಇದು ಉಪಯೋಗಕ್ಕೆ ಬರಲ್ಲ," ಅಂತ ಫೋನ್ ಇಟ್ಟರು. ಹೇಳಿದ್ದು ಹುಣಸೆಗೋ ನನಗೋ ಅಂತ ಯೋಚಿಸುತ್ತಾ ನಾನು ಗುಣವಾದೆ.

ಕೊಡಿಕೊಂಡ ಚೆಕ್‌ಪೋಸ್ಟು

ಕಸಿ ರೆಂಬೆಗಳನ್ನು ಖುದ್ದು ತಂದು ತೋರಿಸಿ ಅಂತ ಬೆಂಗಳೂರಿನವರು ಹೇಳಿದರು. ಮೇಡಮ್ ಸ್ಕೂಟಿ ಓಡಿಸಿದರು, ಹಿಂದೆ ನಾನು, ನನ್ನ ತೊಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹುಣಸೆ ರೆಂಬೆಯ ಕಂತೆ. ಕೊಡಿಕೊಂಡದಲ್ಲಿ ಗಡಿ ಬಂದ್. ಲಾರಿಗಳು ಸಾಲುಗಟ್ಟಿ ನಿಂತಿದ್ದವು.

"ಎಕ್ಕಡಿಕಿ?" ಅಂದ ಪೇದೆ. ಎಲ್ಲಿಗೆ ಅಂತ.

ಮೇಡಮ್ ಹುಣಸೆಹಣ್ಣು ಯಾಕೆ ಕಪ್ಪಾಗುತ್ತೆ ಅನ್ನೋದನ್ನು ಮೊದಲಿನಿಂದ ವಿವರಿಸಲು ಶುರುಮಾಡಿದರು. ಅವನು ಲಾಠಿಯಲ್ಲೇ ವಾಪಸ್ ದಾರಿ ತೋರಿಸಿದ. ನಾನು ಇಳಿದು ಅವನ ಕಿವಿಯ ಹತ್ತಿರ ಹೋಗಿ ತೆಲುಗಿನಲ್ಲಿ ಒಂದು ಮಾತು ಹೇಳಿದೆ. ಏನು ಹೇಳಿದೆ ಅಂತ ಈಗ ಸರಿಯಾಗಿ ನೆನಪಿಲ್ಲ. ಅದರಲ್ಲಿ ಕೊರೋನಾ ಅನ್ನೋ ಪದ, ಮಂದು ಅನ್ನೋ ಪದ ಇದ್ದವು. ಮಂದು ಅಂದರೆ ಔಷಧಿ.

ಪೇದೆಯ ಮುಖವೇ ಬದಲಾಯಿತು. "ಮಾ ಅಮ್ಮಕಿ ಒಕಟಿ ಇವ್ವಂಡಿ ಸಾರ್," ಅಂತ ಕೈ ಮುಗಿದ. ಅವನ ತಾಯಿಗೆ ಒಂದು ರೆಂಬೆ ಬೇಕಂತೆ. ಆಸ್ಪತ್ರೆಯಲ್ಲಿ ಮಂಚ ಸಿಗದೆ ಮನೆಯಲ್ಲೇ ಉಸಿರಿಗೆ ಒದ್ದಾಡ್ತಾ ಇದ್ದರಂತೆ. ಕೊಡದಿರೋದು ಹೇಗೆ? ಅದನ್ನು ನೋಡಿ ಲಾರಿ ಡ್ರೈವರುಗಳು ಬಂದರು, ಢಾಬಾದವನು ಬಂದ. ಎಲ್ಲರ ಮನೆಯಲ್ಲೂ ಯಾರೋ ಮಲಗಿದ್ದರು. ಪೇದೆ ಸೆಲ್ಯೂಟ್ ಹೊಡೆದು ಗೇಟೆತ್ತಿದ.

ಬಾಗೇಪಲ್ಲಿ ದಾಟುವ ತನಕ ಮೇಡಮ್ ಗಾಡಿ ಓಡಿಸಿದರು. ಆಮೇಲೆ ಗಾಡಿ ನಿಲ್ಲಿಸಿ, "ಈಗ ಅವರಿಗೆ ಏನು ತೋರಿಸ್ಲಿ?" ಅಂದರು.

"ಬಟ್ಟೆ ಇನ್ನೂ ಒದ್ದೆ ಇದೆ ಮೇಡಮ್," ಅಂದೆ.

ಗಿಡ ಚೆನ್ನಾಗವೆ

ಸ್ವಲ್ಪ ದಿನಕ್ಕೆ ಕಲ್ಯಾಣದುರ್ಗದ ಗಿಡ ನೋಡಲು ಹೋದೆವು. ಊರವರು ರಸ್ತೆಗೆ ಅಡ್ಡ ಜಾಲಿ ಮುಳ್ಳು ಎಳೆದಿದ್ದರು. ಹೊಲದಣ್ಣ ಆ ಕಡೆ ನಿಂತು ಕೂಗಿದ, "ಒಳಕ್ಕೆ ಬರಂಗಿಲ್ಲ ಕಣಮ್ಮ. ಹಿಂದೂಪುರದೋರು ಅಂದ್ರೆ ನಮ್ಮೋರು ಕಲ್ಲು ತಕಂಡ್ಬುಡ್ತಾರೆ."

"ಗಿಡ ಹೆಂಗಿವೆ ಅಣ್ಣ?" ಮೇಡಮ್ ಈ ಕಡೆಯಿಂದ ಕೂಗಿದರು.

"ಗಿಡ ಚೆನ್ನಾಗವೆ. ಎಲೆ ಒಂದೂ ಇಲ್ಲ."

ಯಾರೋ ಲಾರಿ ಡ್ರೈವರು ಸುದ್ದಿ ತಂದನಂತೆ, ಕಸಿ ಹುಣಸೆ ಸೊಪ್ಪಿನ ಕಷಾಯ ಕುಡಿದರೆ ಕೊರೋನಾ ಹೋಗುತ್ತೆ ಅಂತ. ಬೆಳುಗುಪ್ಪದ ಕಡೆಯಿಂದಲೂ ಬೈಕುಗಳಲ್ಲಿ ಬಂದು ಬೋಳಿಸಿಕೊಂಡು ಹೋದರಂತೆ.

"ಕುಡಿದೋರಿಗೆ ವಾಸಿಯಾಯ್ತಾ?" ನಾನು ಕೇಳಿದೆ.

"ಕುಡುದೋರಲ್ಲೂ ಹೋದ್ರು, ಕುಡೀದಿದ್ದೋರಲ್ಲೂ ಹೋದ್ರು ಕಣಪ್ಪ," ಅಂದ ಹೊಲದಣ್ಣ. ಅವನ ಹಿಂದೆ, ಊರ ಹೊರಗೆ, ಹೊಸ ಮಣ್ಣಿನ ದಿಬ್ಬಗಳು ಕಾಣುತ್ತಿದ್ದವು. ಮೇಡಮ್ ರಸ್ತೆಯ ಮೇಲೇ ಕುಕ್ಕರಿಸಿಬಿಟ್ಟರು. "ಬೇರು ಹಸಿ ಅದೆ ತಾಯಿ, ನೀರು ಬುಟ್ರೆ ಚಿಗುರ್ತವೆ. ಮುಂದಿನ ಮಳೆಗಾಲದ ಗಂಟ ನೋಡ್ತೀನಿ. ಆಮ್ಯಾಕೆ ಕಡ್ಲೆಕಾಯಿ ಹಾಕ್ಬುಡ್ತೀನಿ," ಅಂತ ಅವನು ಸಮಾಧಾನ ಹೇಳಿದ.

ಮೇಡಮ್ ತಲೆಯೆತ್ತಿ ನನ್ನನ್ನೇ ನೋಡುತ್ತಾ ಅವನನ್ನು ಕೇಳಿದರು. "ಸೊಪ್ಪಿನ ವಿಷಯ ಆ ಡ್ರೈವರಿಗೆ ಹೇಳಿದ್ಯಾರಂತೆ?"

"ಕೊಡಿಕೊಂಡದಾಗೆ ಯಾರೋ ದೊಡ್ಡ ಸೈಂಟಿಸ್ಟಂತೆ. ಎತ್ತರಕ್ಕೆ, ಕೆಂಪಗೆ, ಒಳ್ಳೆ ಹೀರೋ ಇದ್ದಂಗಿದ್ದನಂತೆ."

"ನೋಡಿದ್ರಾ ಮೇಡಮ್?" ಅಂದೆ. "ಬೇರೆ ಯಾರೋ."

ಫೈಲು ಮುಟ್ಟಿದವರು

ಎರಡನೇ ಅಲೆ ಬಂತು. ಆಗ ಯಾವ ನಂಬರಿಗೆ ಫೋನ್ ಹಚ್ಚಿದರೂ ಮೊದಲು ಕೊರೋನಾ ಎಚ್ಚರಿಕೆ ಕೇಳಬೇಕಿತ್ತು. ಅದು ಮುಗಿದ ಮೇಲೆ ನಮ್ಮ ಅಧಿಕಾರಿ ಇಲ್ಲ ಅಂತ ಗೊತ್ತಾಯಿತು. ರಜೆ ಹಾಕಿದ್ದಾರೆ ಅಂತಲ್ಲ, ಇಲ್ಲವೇ ಇಲ್ಲ. ರುಚಿಯ ಮಾತಿಗೆ ನಕ್ಕಿದ್ದ ಮನುಷ್ಯ. ಫೈಲು ಇನ್ನೊಬ್ಬರ ಕೈಗೆ ಹೋಯಿತು. ಮುಂದಿನ ಸಲ ಫೋನ್ ಮಾಡಿದಾಗ ಅವರೂ ಇರಲಿಲ್ಲ. ಮೇಡಮ್ ಫೋನ್ ಮಾಡೋದನ್ನೇ ಬಿಟ್ಟರು. ನಾವು ಕೇಳೋದರಿಂದಲೇ ಹೀಗಾಗ್ತಿದೆಯೇನೋ ಅನ್ನುವಂಥ ಕಾಲ ಅದು.

ನಾನೇ ಹಚ್ಚಿದೆ. ಮೂರನೆಯವರು ಎತ್ತಿದರು. "ಆ ಹುಣಸೆ ಫೈಲಾ? ಟೇಬಲ್ ಮೇಲಿದೆ, ನಾನು ಮುಟ್ಟಲ್ಲಪ್ಪ."

"ಮತ್ತೆ ನಮ್ಮ ಗತಿ ಸಾರ್?"

"ನೇರ ಇಂಟರ್‌ವ್ಯೂಗೆ ಹಾಕ್ತೀನಿ. ಕಮಿಟಿಯವರು ಕಂಪ್ಯೂಟರಲ್ಲೇ ನೋಡ್ಕೊಳ್ಳಲಿ."

ಇಡೀ ದೇಶದಲ್ಲಿ ಫೈಲು ಮುಟ್ಟದೆ ಕೆಲಸ ಮಾಡಿಕೊಟ್ಟ ಅಧಿಕಾರಿ ಇವರೊಬ್ಬರೇ ಇರಬೇಕು.

ವ್ಯಾಪಾರ

ಇಂಟರ್‌ವ್ಯೂಗೆ ಕಾಲೇಜಿನ ಮುಖ್ಯಸ್ಥರೂ ಕೂರಬೇಕು ಅಂತ ನಿಯಮ. ಸಾವ್ಕಾರ್ರು ಲ್ಯಾಪ್‌ಟಾಪಿನ ಮುಂದೆ ನಟ್ಟನಡುವೆ ಕೂತರು, ಮೇಡಮ್ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಆ ಕಡೆ ಕಮಿಟಿಯವರು ತಮ್ಮ ತಮ್ಮ ಮನೆಗಳಲ್ಲಿ. ಮೇಡಮ್ ಚೆನ್ನಾಗಿ ಹೇಳಿದರು. ಬೋಳು ಗಿಡಗಳ ವಿಷಯವನ್ನೂ ಮುಚ್ಚಿಡಲಿಲ್ಲ. ನೀರು ಕೊಟ್ಟರೆ ಚಿಗುರುತ್ತವೆ ಅಂದರು. ಸಾವ್ಕಾರ್ರು ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು.

ಕಮಿಟಿಯ ಅಧ್ಯಕ್ಷರು ಕನ್ನಡಕ ತೆಗೆದು, "ಒಳ್ಳೇ ಕೆಲಸ ಮೇಡಮ್. ನೀವು ಕೇಳಿದಷ್ಟನ್ನೂ ಕೊಡೋಣ ಅಂತಿದ್ದೀವಿ," ಅಂದರು.

ಸಾವ್ಕಾರ್ರ ಕಣ್ಣು ತೆರೆಯಿತು. "ಕೇಳಿದಷ್ಟೂನಾ?"

"ಹೌದು ಸಾರ್."

ಅವರು ನನ್ನ ಕಿವಿಯಲ್ಲಿ, "ಚೌಕಾಸಿನೇ ಇಲ್ವಲ್ಲೋ! ಇದ್ರಾಗೆ ಏನೋ ಮೋಸ ಅದೆ ಕಣಪ್ಪ," ಅಂದರು. ಕೈ ತಾನಾಗೇ ಟವೆಲಿಗೆ ಹೋಯಿತು. ಟವೆಲಿನ ಸಮೇತ ಕೈಯನ್ನು ಪರದೆಯ ಕಡೆ ಚಾಚಿದರು. ಆ ಕಡೆಯಿಂದ, "ಸಾರ್, ಕತ್ತಲಾಯ್ತು, ಕಾಣಿಸ್ತಿಲ್ಲ," ಅನ್ನೋ ದನಿ. ಬೆರಳು ಹಿಡಿಯುವವರು ಯಾರೂ ಸಿಗದೆ ಅವರು ಎದ್ದು ಟವೆಲು ಕೊಡವಿ, "ಆಗಾಕಿಲ್ಲ ಬುಡಿ ಸ್ವಾಮಿ!" ಅಂದವರೇ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

ಮೇಡಮ್ ಲ್ಯಾಪ್‌ಟಾಪಿಗೆ ಕೈ ಹಾಕಿದರು. "ಸಾವ್ಕಾರ್ರೆ, ಕೊಟ್ಟಿದ್ರು! ಅವರು ಕೊಟ್ಟಾಗಿತ್ತು!"

"ಸುಮ್ಕಿರಿ ತಾಯಿ, ಕರೀತಾರೆ," ಅಂತ ಸಾವ್ಕಾರ್ರು ಬಾಗಿಲ ಕಡೆ ನಿಧಾನಕ್ಕೆ ನಡೆದರು.

ಮೇಡಮ್ಮನ ಫೋನು ಹೊಡೆದುಕೊಂಡಿತು. ಅಧ್ಯಕ್ಷರೇ. "ನೆಟ್‌ವರ್ಕ್ ಹೋಯ್ತು ಅನ್ಸುತ್ತೆ ಮೇಡಮ್, ಮತ್ತೆ ಬನ್ನಿ."

"ಕರುದ್ರಾ? ನಾ ಹೇಳ್ಲಿಲ್ವಾ!" ಸಾವ್ಕಾರ್ರು ಹಿಗ್ಗಿ ಹೀರೇಕಾಯಿಯಾಗಿ ಬಂದು ಕೂತರು. ಮೇಡಮ್ ಬಾಯಿ ತೆರೆಯುವ ಮೊದಲೇ ಪರದೆಗೆ ಕೈ ಮುಗಿದರು. "ಸ್ವಾಮಿ, ದೊಡ್ಡೋರು ನೀವು, ನೀವಾಗಿ ಕರುದ್ರಿ. ಕರುದ್ ಮ್ಯಾಲೆ ನಾನೂ ಬುಡ್ಬೇಕು, ಅದು ಮರ್ಯಾದೆ. ಅರ್ಧಕ್ಕೆ ಮುಗ್ಸಿಬುಡಿ."

ಕಮಿಟಿಯವರು ಒಬ್ಬರೂ ಅಲ್ಲಾಡಲಿಲ್ಲ. ಈ ಸಲ ನಿಜಕ್ಕೂ ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಅರ್ಧ ಸಾಕಾ ಸಾರ್?" ಅಂದರು ಅಧ್ಯಕ್ಷರು.

"ಸಾಕು ಸ್ವಾಮಿ. ನಿಮ್ಮ ಮಾತು ಮುಖ್ಯ."

"ಇಂಥ ಕಾಲೇಜನ್ನ ನಾನು ನೋಡೇ ಇಲ್ಲ," ಅಂತ ಅಧ್ಯಕ್ಷರು ಭಾವುಕರಾಗಿ ಬರೆದುಕೊಂಡು ಹೊರಟುಹೋದರು.

"ವ್ಯಾಪಾರ ಅಂದ್ರೆ ಇದು," ಅಂತ ಸಾವ್ಕಾರ್ರು ಬೆವರು ಒರೆಸಿಕೊಂಡರು.

ಅರ್ಧದಲ್ಲಿ ಒಂದೋ ಗಿಡಕ್ಕೆ ನೀರು, ಇಲ್ಲಾ ಮೇಡಮ್ಮಿಗೆ ಸಂಬಳ. ಎರಡೂ ಆಗುತ್ತಿರಲಿಲ್ಲ. ಆಕೆ ಲ್ಯಾಪ್‌ಟಾಪ್ ಮುಚ್ಚಿದರು. ಅಳ್ತಾರೆ ಅಂತ ನಾನು ಕರ್ಚೀಫು ಹುಡುಕಿದೆ. ಅವರು ಎದ್ದು ಬ್ಯಾಗು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಆಗಲ್ಲ ಬಿಡಿ ಸಾವ್ಕಾರ್ರೆ. ಬಂದ ದುಡ್ಡು ಗಿಡಕ್ಕೆ. ನನ್ನ ಸಂಬಳ ಕಾಲೇಜೇ ಕೊಡಬೇಕು. ಇಲ್ಲದಿದ್ರೆ ಬೇರೆ ಕಾಲೇಜಿನವರು ಕೇಳ್ತಾ ಇದಾರೆ, ಪ್ರಾಜೆಕ್ಟು ಎತ್ಕೊಂಡು ಹೋಗ್ತೀನಿ."

ಸುಳ್ಳು ಹೇಳದ ಮೇಡಮ್! ಬಾಗಿಲ ಕಡೆ ನಡೆದರು, ನಿಧಾನಕ್ಕೆ. ಸಾವ್ಕಾರ್ರ ಬೆರಳು ಟವೆಲಿನ ಅಡಿಯಲ್ಲಿ ಒದ್ದಾಡುತ್ತಿದ್ದವು. ಆಕೆ ಹೊಸ್ತಿಲ ಆಚೆ ಒಂದು ಕಾಲಿಟ್ಟರು.

"ಬನ್ನಿ ತಾಯಿ, ಬನ್ನಿ! ಸಂಬಳ ಕಾಲೇಜ್ದೇ, ಹೋಗ್ಲಿ." ಸಾವ್ಕಾರ್ರು ಸೋತ ಸಂತೋಷದಲ್ಲಿ ನಗುತ್ತಿದ್ದರು. "ಆದ್ರೆ ನಾನಾಗಿ ಕರ್ದಿದೀನಲ್ಲ. ನೀವೇನು ಬುಡ್ತೀರ?"

ಮೇಡಮ್ ಕೋಣೆಯನ್ನೆಲ್ಲ ಒಂದು ಸಲ ನೋಡಿದರು. ಲ್ಯಾಪ್‌ಟಾಪು ನೋಡಿದರು, ಮೇಜಿನ ಮೇಲಿದ್ದ ಹುಣಸೆ ಪೊಟ್ಟಣ ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಇವರನ್ನ," ಅಂದು, ಮೊದಲ ಸಲ ನಕ್ಕರು. "ಪ್ರಾಜೆಕ್ಟಿಂದಲೂ ಬಿಟ್ಟೆ, ಕಾಲೇಜಿಂದಲೂ ಬಿಟ್ಟೆ. ಇವರ ಸಂಬಳದಲ್ಲೇ ನನ್ನದೂ ಆಗುತ್ತೆ."

ಜನ್ಮದಲ್ಲಿ ಮೊದಲ ರೇಟಿಗೆ ಒಪ್ಪದ ಸಾವ್ಕಾರ್ರು ಅವತ್ತು ಒಂದೇ ಮಾತಿಗೆ ಒಪ್ಪಿಕೊಂಡರು.

ನನಗೂ ಸ್ವಾಭಿಮಾನ ಇದೆ. ಟವೆಲಿರಲಿಲ್ಲ, ಮಾಸ್ಕನ್ನೇ ಕೊಡವಿ ಕಿವಿಗೆ ಸಿಕ್ಕಿಸಿಕೊಂಡು, "ಆಗಾಕಿಲ್ಲ ಬುಡಿ," ಅಂತ ಎದ್ದು ನಡೆದೆ. ಬಾಗಿಲು ದಾಟಿದೆ, ಕಾರಿಡಾರು ದಾಟಿದೆ, ಗೇಟು ದಾಟಿದೆ. ಕಲ್ಯಾಣದುರ್ಗದ ಗಿಡಗಳು ಈಗ ಆಳೆತ್ತರ ಆಗಿವೆಯಂತೆ. ನನಗೂ ಭಾನುವಾರದ ರಜೆ ವಾಪಸ್ ಬಂದಿದೆ. ಕಾಲೇಜಿನ ಮುಂದಿನ ರಸ್ತೆಯಲ್ಲಿ ಹೋಗುವಾಗ ಮಾತ್ರ ಇವತ್ತಿಗೂ ನಿಧಾನಕ್ಕೇ ನಡೀತೀನಿ.