ಕೊಬ್ಬರಿ ಕಟ್ಟಿದ ಫಟಫಟಿ

ದುಡ್ಡು ಕೊಟ್ಟು ಮೋಟಾರ್ ಸೈಕಲ್ ಕೊಳ್ಳುವವರನ್ನು ಕಂಡರೆ ಪರಮಶಿವಪ್ಪನಿಗೆ ಮೈಯೆಲ್ಲ ಉರಿ. ಅದರಲ್ಲೂ ಹೆಂಡತಿಯ ಅಣ್ಣ, ಸೊರಬದ ಸದಾಶಿವಪ್ಪ, ಹೊಚ್ಚ ಹೊಸ ಗಾಡಿಯೊಂದನ್ನು ತಂದು ತನ್ನ ಅಂಗಳದಲ್ಲಿ ನಿಲ್ಲಿಸಿದ ಮೇಲೆ ಆ ಉರಿ ನೆತ್ತಿಗೇರಿತ್ತು. "ಕೊಳ್ಳೋದೇನು ದೊಡ್ಡ ಕೆಲ್ಸ? ಸಂತೇಲಿ ಬದನೆಕಾಯಿ ಕೊಳ್ಳಲ್ವಾ? ಗಾಡಿ ಅಂದ್ರೆ ಕೈಯಾರೆ ಕಟ್ಟಬೇಕು" ಎಂದು ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಈ ಮಹಾಶಯ ಸಾರಿದ. ಸಾರಿದ್ದು ಸಾಲದೆಂದು ಕಟ್ಟಲೂ ಕೂತ.

ಯುದ್ಧಕಾಲದ ಯಾವುದೋ ಗಾಡಿಯ ಎಂಜಿನ್ನು ಗುಜರಿಯಿಂದ ಬಂತು. ಚಕ್ರಗಳು ಎರಡಿದ್ದವು ನಿಜ, ಆದರೆ ಎರಡಕ್ಕೂ ತಂದೆ ತಾಯಿ ಬೇರೆ ಬೇರೆ. ಮೈಕಟ್ಟಿಗೆ ಗಿರಣಿಯ ಹಳೇ ಪೈಪು, ಪೆಟ್ರೋಲಿಗೆ ಸೀಮೆಎಣ್ಣೆ ಡಬ್ಬಿ, ಬೆಸುಗೆ ಹಿಡಿಯದ ಕಡೆಗೆಲ್ಲ ತಂತಿ. (ತಂತಿ ಸುತ್ತುವುದರಲ್ಲಿ ಪರಮಶಿವಪ್ಪನನ್ನು ಮೀರಿಸುವವರು ಈ ಸೀಮೆಯಲ್ಲಿರಲಿಲ್ಲ, ಆ ಮಟ್ಟಿಗೆ ಆತ ಸಾಕ್ಷಾತ್ ವಿಶ್ವಕರ್ಮ.) ಪಡಸಾಲೆಯೆಲ್ಲ ಜಿಡ್ಡು. ಹೆಂಡತಿ ವರದಮ್ಮನ ಒಗ್ಗರಣೆ ಬಾಣಲೆಯಲ್ಲಿ ನಟ್ಟು ಬೋಲ್ಟುಗಳು ಎಣ್ಣೆಸ್ನಾನ ಮಾಡುತ್ತಿದ್ದವು.

"ಅಲ್ರೀ, ಇದು ಓಡುತ್ತೋ, ಇಲ್ಲಾ ಹಿಂಗೇ ನಮ್ಮ ಮುಖ ನೋಡ್ತಾ ಕೂತಿರುತ್ತೋ?" ಎಂದಳು ವರದಮ್ಮ.

"ನಿಂಗೇನು ಗೊತ್ತಾಗುತ್ತೆ? ಎಂಜಿನ್ ಉಸಿರಾಡೋದು ಕೇಳಕ್ಕೆ ಕಿವಿ ಬೇಕು."

"ಉಸಿರಾಟಾನಾ? ನಂಗೆ ಬರೀ ಕೆಮ್ಮು ಕೇಳುಸ್ತಿದೆ."

ಗಾಡಿ ಬಲ್ಲವರು ಎಂಬುದು ಒಂದು ಬೇರೆಯೇ ಜಾತಿ. ಇವರು ಗಾಡಿ ಕಂಡರೆ ಹತ್ತುವುದಿಲ್ಲ, ಕುಕ್ಕರಗಾಲಲ್ಲಿ ಕೂರುತ್ತಾರೆ. ಮೊದಲು ಹೊಟ್ಟೆಯ ಕೆಳಗೆ ಬಗ್ಗಿ ನೋಡುತ್ತಾರೆ. ಎಣ್ಣೆ ತೊಟ್ಟಿಕ್ಕಿದ್ದರೆ ಅಲ್ಲಿಗೆ ಮುಗಿಯಿತು. ಬೆಸುಗೆಯನ್ನು ಉಗುರಿನಲ್ಲಿ ಕುಟ್ಟುತ್ತಾರೆ. ಚಕ್ರಗಳೆರಡೂ ಒಂದೇ ಗೆರೆಯಲ್ಲಿವೆಯೋ ಎಂದು ಒಂಟಿಕಣ್ಣಲ್ಲಿ ಅಳೆಯುತ್ತಾರೆ. ಕೊನೆಗೆ ಎಂಜಿನ್ ಹಚ್ಚಿಸಿ, ನಾಡಿ ಹಿಡಿದ ಪಂಡಿತರ ಹಾಗೆ ತಲೆ ಓರೆ ಮಾಡಿ ಆಲಿಸುತ್ತಾರೆ. ಇಷ್ಟಾದ ಮೇಲೆ "ಬಣ್ಣ ಚೆನ್ನಾಗಿದೆ" ಎಂದರೆ, ಆ ಗಾಡಿಯನ್ನು ಕೆರೆಗೆ ಹಾಕು ಎಂದೇ ಅರ್ಥ.

ಈ ಮಾತನ್ನು ಪರಮಶಿವಪ್ಪ ಭಾವನ ಹೊಸ ಗಾಡಿಗೆ, ಸೊರಬದ ನಾಲ್ಕು ಜನ ದೊಡ್ಡವರ ಎದುರಿಗೇ ಹೇಳಿ ಬಂದಿದ್ದ. ಸದಾಶಿವಪ್ಪ ಅದನ್ನು ಮರೆತಿರಲಿಲ್ಲ. "ದೀಪಾವಳಿಗೆ ತಂಗೀನ ಕರ್ಕೊಂಡು ನಿಮ್ಮ ಗಾಡೀಲೇ ಬನ್ನಿ. ಅದೇ ಜನರ ಮುಂದೆ ನೋಡ್ತೀನಿ. ಚೆನ್ನಾಗಿದ್ರೆ ಚೆನ್ನಾಗಿದೆ ಅಂತೀನಿ, ಇಲ್ದಿದ್ರೆ ಮುಚ್ಚಿಡಲ್ಲ. ಇದು ನನ್ನ ಮಾತು" ಎಂದು ಹೇಳಿ ಕಳಿಸಿದ. ಆ ಒಂದು 'ಚೆನ್ನಾಗಿದೆ'ಗಾಗಿ ಪರಮಶಿವಪ್ಪ ಹೊತ್ತು ಹೊತ್ತಿನ ಊಟ ಮರೆತು ತಂತಿ ಸುತ್ತಿದ. ಬಣ್ಣವನ್ನಂತೂ ಬೇಕೆಂದೇ ಹಚ್ಚಲಿಲ್ಲ.

ಪಾಡ್ಯದ ಬೆಳಿಗ್ಗೆ ಹೊರಡುವ ಹೊತ್ತಿಗೆ ವರದಮ್ಮ ಒಂದು ಕೊಬ್ಬರಿ ಹಾರ ಹಿಡಿದು ಬಂದಳು. ತವರಿನ ಹೋರಿಗೆಂದು ಅವಳೇ ಪೋಣಿಸಿದ್ದು. ದೀಪಾವಳಿ ಬಂತೆಂದರೆ ಈ ಕಡೆ ಹೋರಿಗಳಿಗೆ ಕೊಬ್ಬರಿ ಕಟ್ಟಿ, ಸಿಂಗರಿಸಿ, ಜನ ಕಿಕ್ಕಿರಿದ ಬೀದಿಯಲ್ಲಿ ಓಡಿಸುತ್ತಾರೆ. ಗಂಡುಗಲಿಗಳು ಜೋತುಬಿದ್ದು ಕೊಬ್ಬರಿ ಹರಿಯುತ್ತಾರೆ. ಹರಿದವನದೇ ಕೊಬ್ಬರಿ, ಅದನ್ನು ಮರಳಿ ಕೇಳುವ ಪದ್ಧತಿಯಿಲ್ಲ. ಯಾರ ಕೈಗೂ ಸಿಗದೆ ದಾಟಿದ ಹೋರಿಯ ಯಜಮಾನ ಮುಂದಿನ ದೀಪಾವಳಿಯವರೆಗೆ ಮೀಸೆ ತಿರುವಬಹುದು.

"ಅದನ್ನ ತೊಡೆ ಮೇಲೆ ಇಟ್ಕೊ" ಎಂದ ಪರಮಶಿವಪ್ಪ.

"ಒಂದು ಕೈಲಿ ನಿಮ್ಮನ್ನ ಹಿಡ್ಕಂಬೇಕು, ಇನ್ನೊಂದು ಕೈಲಿ ಜೀವ ಹಿಡ್ಕಂಬೇಕು. ಹಾರ ಯಾವ ಕೈಲಿ ಹಿಡ್ಕಳ್ಲಿ?" ಎನ್ನುತ್ತ ಅವಳು ಹಾರವನ್ನು ಹ್ಯಾಂಡಲಿಗೇ ಕಟ್ಟಿದಳು. ಹಬ್ಬದ ದಿನ ಬೋಳು ಕಾಣಬಾರದೆಂದು ಚೆಂಡುಹೂವಿನ ಮಾಲೆಯನ್ನೂ ಸುತ್ತಿ, ದೀಪದ ಹಣೆಗೆ ವಿಭೂತಿ ಬಳಿದಳು.

ಗಾಡಿ ಓಡಿತು. ಓಡಿತು ಎಂಬುದು ಪರಮಶಿವಪ್ಪನ ಮಾತು. ಶಿರಾಳಕೊಪ್ಪ ದಾಟುವಾಗ ಒಂದು ಸೈಕಲ್ಲು ಇವರನ್ನು ಹಿಂದೆ ಹಾಕಿ ಹೋಯಿತು. ಅದನ್ನು ಪರಮಶಿವಪ್ಪ ಕಣ್ಣೆತ್ತಿಯೂ ನೋಡಲಿಲ್ಲ. ಕೊಂಡ ಸೈಕಲ್ಲು ತಾನೆ.

ಸೊರಬದ ಊರಬಾಗಿಲಿಗೆ ಬಂದರೆ ಬೀದಿಯ ಎರಡೂ ಬದಿಗೆ ಜನವೋ ಜನ. ಹಲಗೆ ವಾದ್ಯ ಬಡಿಯುತ್ತಿದ್ದರು. ಪರಮಶಿವಪ್ಪನ ಎದೆ ಉಬ್ಬಿತು. "ನೋಡೇ, ನನ್ನ ಗಾಡಿ ನೋಡಕ್ಕೆ ನಿಮ್ಮಣ್ಣ ಊರನ್ನೇ ಸೇರಿಸಿದಾರೆ" ಎಂದವನು ಒಂದು ಕೈಯೆತ್ತಿ ಜನರಿಗೆ ನಮಸ್ಕಾರ ಮಾಡಿದ.

"ರೀ, ಅವ್ರು ಹೋರಿಗೆ ಕಾಯ್ತಿರೋದು. ತಿರುಗ್ಸಿ ಗಾಡಿ" ಎಂದಳು ವರದಮ್ಮ. ತಿರುಗಿಸುವ ವಿದ್ಯೆ ಆ ಗಾಡಿಗೆ ಅಷ್ಟಾಗಿ ತಿಳಿದಿರಲಿಲ್ಲ.

ಜನ ಕಂಡದ್ದು ಇಷ್ಟು: ಹೂವು, ವಿಭೂತಿ, ಕೊಬ್ಬರಿ ಹಾರ ಧರಿಸಿ, ಹೊಗೆ ಬಿಡುತ್ತ ಗುಟುರು ಹಾಕುತ್ತ ಏನೋ ಒಂದು ಬರುತ್ತಿದೆ. ಕೊಬ್ಬರಿ ಕಂಡ ಮೇಲೆ ಸೊರಬದ ಹುಡುಗರು ವಿಚಾರಣೆ ಮಾಡುವವರಲ್ಲ. ಹೋ ಎಂದು ಎರಗಿದರು. ವರದಮ್ಮ ಇಳಿದು ಪಕ್ಕಕ್ಕೆ ಸರಿದಳು (ಆ ವೇಗದಲ್ಲಿ ಇಳಿಯಲು ಗಾಡಿ ನಿಲ್ಲಿಸಬೇಕಾಗಿರಲಿಲ್ಲ). ಮೊದಲು ಕೊಬ್ಬರಿ ಹೋಯಿತು. ಕೊಬ್ಬರಿ ಸಿಗದವರು ಸಿಕ್ಕಿದ್ದನ್ನು ಎಳೆದರು. ತಂತಿ ಒಂದು ಕಡೆ ಬಿಚ್ಚಿದ್ದೇ ತಡ, ದೀಪ, ಮಡ್‌ಗಾರ್ಡು, ಹೊಗೆ ಕೊಳವೆ, ಸೀಮೆಎಣ್ಣೆ ಡಬ್ಬಿ, ಎಲ್ಲವೂ ಒಬ್ಬೊಬ್ಬರ ಕಂಕುಳು ಸೇರಿದವು. ಉಳಿದದ್ದು ಪೈಪು, ಎಂಜಿನ್ನು, ಚಕ್ರ, ಮತ್ತು ಮೇಲೆ ಪರಮಶಿವಪ್ಪ.

ಹಬ್ಬದ ಯಜಮಾನಿಕೆ ಆ ವರ್ಷ ಸದಾಶಿವಪ್ಪನದೇ. ಜನರನ್ನು ಸರಿಸಿಕೊಂಡು ಬಂದ.

"ಭಾವ, ನನ್ನ ಸಾಮಾನು ವಾಪಸ್ ಕೊಡ್ಸಿ."

"ಹೋರಿ ಮೈಯಿಂದ ಹರ್ದಿದ್ದು ಹರ್ದೋನಿಗೆ. ಪದ್ಧತಿ" ಎಂದ ದೀಪ ಹಿಡಿದವನು.

"ಇದು ಹೋರಿ ಅಲ್ಲಪ್ಪ, ಮೋಟಾರ್ ಸೈಕಲ್ಲು."

ಸದಾಶಿವಪ್ಪ ಕುಕ್ಕರಗಾಲಲ್ಲಿ ಕೂತ. ಹೊಟ್ಟೆಯ ಕೆಳಗೆ ನೋಡಿದ. ಬೆಸುಗೆಯನ್ನು ಉಗುರಲ್ಲಿ ಕುಟ್ಟಿದ. ಒಂದು ಚೂರು ಕೈಗೇ ಬಂತು. ಒಂಟಿಕಣ್ಣಲ್ಲಿ ಚಕ್ರ ಅಳೆದ. ಸೊರಬದ ಆ ನಾಲ್ಕು ಜನ ದೊಡ್ಡವರೂ ಅಲ್ಲೇ ನಿಂತಿದ್ದರು. ಸದಾಶಿವಪ್ಪ ಎದ್ದು, ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡೇ ಪರಮಶಿವಪ್ಪನ ಕಿವಿಯ ಹತ್ತಿರ ಬಂದ.

"ಪರಮಶಿವಪ್ನೋರೆ, ಇದು ಮೋಟಾರ್ ಸೈಕಲ್ಲು ಅಂತಾದ್ರೆ ಸಾಮಾನೆಲ್ಲ ಈಗ್ಲೇ ಕೊಡಿಸ್ತೀನಿ. ಆದ್ರೆ ಮಾತು ಕೊಟ್ಟಿದೀನಲ್ಲ, ಇದ್ರ ಬಗ್ಗೆ ಇದ್ದದ್ದು ಇದ್ದಂಗೆ ಇಷ್ಟೂ ಜನರ ಮುಂದೆ ಹೇಳ್ಬೇಕಾಗುತ್ತೆ. ಹೋರಿ ಅಂತಾದ್ರೆ ನಾನೇನೂ ಹೇಳಲ್ಲ. ಯಾವ್ದು ಅಂತ ನೀವೇ ಹೇಳ್ಬಿಡಿ."

ಪರಮಶಿವಪ್ಪ ದೊಡ್ಡವರನ್ನು ನೋಡಿದ, ಭಾವನ ಅಂಗೈಯಲ್ಲಿದ್ದ ಬೆಸುಗೆಯ ಚೂರನ್ನು ನೋಡಿದ.

"ಹೋರಿ" ಎಂದ.

"ಜನಕ್ಕೆ ಕೇಳ್ಸಲಿಲ್ಲ."

"ಹೋರಿನೇ, ಭಾವ."

ಜನ ಕೇಕೆ ಹಾಕಿದರು. ಹಲಗೆಯವನು ಮುಂದೆ ಬಂದ. ಓಡಿದ ಹೋರಿಯ ಹೆಸರನ್ನು, ಅದು ಕೈಗೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಊರಿಗೆಲ್ಲ ಕೂಗುವುದು ಅವನ ಕೆಲಸ. "ಹೋರಿ ಹೆಸರೇನ್ರಿ?" ಎಂದು ಕೇಳಿದ. ಪರಮಶಿವಪ್ಪ ಬಗ್ಗಿ, ಬಿಚ್ಚಿದ ತಂತಿಯನ್ನು ಮತ್ತೆ ಪೈಪಿಗೆ ಸುತ್ತತೊಡಗಿದ.

ವರದಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಮದುವೆಯಾದಾಗಿನಿಂದ ಅವಳು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಿದವಳಲ್ಲ. ಅಂಚೆಯವನು ಕೇಳಿದರೂ ಪಕ್ಕದ ಮನೆಯವರಿಂದ ಹೇಳಿಸುತ್ತಿದ್ದಳು.

"ಪರಮಶಿವ ಅಂತ ಕೂಗಪ್ಪ. ಶಿಕಾರಿಪುರದ್ದು. ಸಿಕ್ತು" ಎಂದಳು.