ಹಿಂದಕ್ಕೆ ಬಾಗದ ಸೀಟು

ನಗುವ ಪ್ರಸಂಗಗಳು ಬೇರೆಯವರಿಗೆ ಮದುವೆ ಮನೆಯಲ್ಲಿ, ಹರಟೆ ಕಟ್ಟೆಯ ಮೇಲೆ ಸಿಗುತ್ತವೆ. ನನಗೆ ಮಾತ್ರ ಅವು ಯಾವಾಗಲೂ ಅಳುವ ಹೊತ್ತಿಗೇ ಗಂಟು ಬೀಳುತ್ತವೆ. ನಕ್ಕರೆ ಮಂದಿ ಬಯ್ಯುತ್ತಾರೆ, ನಗದಿದ್ದರೆ ಹೊಟ್ಟೆ ಒಡೆಯುತ್ತದೆ. ಏನು ಮಾಡುವುದು, ನನ್ನ ಹಣೆಬರಹ ಇರುವುದೇ ಹಾಗೆ.

ಇಳಕಲ್ಲಿನ ಒಬ್ಬ ಸಾಹುಕಾರರ ಕಲ್ಲಿನ ಕಂಪನಿಯಲ್ಲಿ ನಾನು ಮ್ಯಾನೇಜರನಾಗಿದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಕೆಂಪು ಕಲ್ಲನ್ನು ಇಟಲಿಯವರು, ಜಪಾನಿನವರು ಹುಡುಕಿಕೊಂಡು ಬರತೊಡಗಿದರು. ಅವರು ಒಮ್ಮೆ ಬಂದರೆ ನಾವು ಎರಡು ಸಲ ಹೋಗಬೇಕಾಗುತ್ತಿತ್ತು. ಸಾಹುಕಾರರಿಗೆ ಕಲ್ಲು ಗೊತ್ತು, ಇಂಗ್ಲಿಷ್ ಗೊತ್ತಿಲ್ಲ. ನನಗೆ ಬಾಗಲಕೋಟೆಯ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಇತ್ತು. ಹೀಗಾಗಿ ಅವರು ಹೋದಲ್ಲಿ ನಾನೂ ಹೋಗುತ್ತಿದ್ದೆ.

ಸಾಹುಕಾರರು ಕಲ್ಲಿನ ಮೇಲೆ ಬೆರಳಾಡಿಸಿ ಕೂದಲೆಳೆಯಷ್ಟು ಸೀಳು ಇದ್ದರೂ ಹಿಡಿಯುತ್ತಿದ್ದರು. ಊಟಕ್ಕೆ ಕುಳಿತರೆ ಮೊಸರಿನಲ್ಲೂ ಕಲ್ಲು ಹುಡುಕುತ್ತಿದ್ದರು. ಅವರು ಹೆಸರಿಡದ, ಅಂದರೆ ಕೊಂಕು ತೆಗೆಯದ, ವಸ್ತು ಭೂಮಿಯ ಮೇಲೆ ಇರಲಿಲ್ಲ. ವಿಮಾನ ಹತ್ತತೊಡಗಿದ ಮೇಲೆ ಆಕಾಶದ ಮೇಲೂ ಉಳಿಯಲಿಲ್ಲ.

ಪೆಟ್ಟಿಗೆ

ಮೊದಲ ಸಲ ಪರದೇಶಕ್ಕೆ ಹೊರಟಾಗ ಮುಂಬಯಿಯ ವಿಮಾನ ನಿಲ್ದಾಣದಲ್ಲಿ, ನಮ್ಮ ಕಲ್ಲಿನ ಮಾದರಿಗಳನ್ನು ತೂಕಕ್ಕೆ ಹಾಕಲು ಸರಕಿನ ಕಡೆ ಹೋಗಿದ್ದೆವು. ಅಲ್ಲಿ ಒಂದು ಉದ್ದನೆಯ ಕಟ್ಟಿಗೆಯ ಪೆಟ್ಟಿಗೆ ಇತ್ತು. ಸಾಹುಕಾರರು ಅಭ್ಯಾಸದಂತೆ ಅದರ ಮೇಲೆ ಬೆರಳಾಡಿಸಿ, "ಇದರಾಗ ಏನು ಮಾಲ ಐತಿ, ಕೇಳು" ಎಂದರು.

ಕೇಳಿದೆ. ಅರಬರ ನಾಡಿಗೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡವನ ಹೆಣ ಅಂತೆ.

ಸಾಹುಕಾರರು ಬೆರಳು ಹಿಂದಕ್ಕೆ ಎಳೆದುಕೊಂಡರು. "ಉದ್ದಕ ಮಲಗಿಸ್ಯಾರ?"

"ಹೌದ್ರಿ. ಎಲ್ಲಾರನ್ನೂ ಹಂಗ ತರತಾರಂತ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೆ, ಮೈ ಸೆಟೆಯುವ ಮೊದಲು, ಗೋಡೆಗೆ ಒರಗಿಸಿ ಕುಳ್ಳಿರಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಕುಳಿತವರನ್ನು ಕುಳಿತಂತೆಯೇ ಹೊತ್ತೊಯ್ದು ಮಣ್ಣು ಕೊಡುತ್ತಾರೆ. ಸಾಹುಕಾರರ ತಂದೆ, ಅಜ್ಜ ಎಲ್ಲರೂ ಗುಡೂರು ದಾರಿಯ ಹೊಲದಲ್ಲಿ ಹಾಗೆಯೇ ಕುಳಿತಿದ್ದರು. ಇವರಿಗೋ ಆ ಹೊತ್ತಿಗಾಗಲೇ ಎದೆಯ ಬೇನೆ ಹತ್ತಿತ್ತು. ಹೃದಯ ಸೋತಿದೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಮನೆಯಲ್ಲೂ ದಿಂಬಿಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು.

ಅವರು ನನ್ನ ರಟ್ಟೆ ಹಿಡಿದುಕೊಂಡರು. "ತಮ್ಮಾ, ನಾ ದೂರ ದೇಶದಾಗ ಸತ್ರ ನನ್ನ ಹಿಂಗ ಉದ್ದಕ ಹಾಕಿ ತರಬ್ಯಾಡ. ಕುಂದರಿಸಿಕೊಂಡು ಬಾ. ವಚನ ಕೊಡು."

ಅವರ ಕಣ್ಣಲ್ಲಿ ನಿಜವಾಗಿಯೂ ಹೆದರಿಕೆ ಇತ್ತು. ಏನಾದರೂ ಹೇಳಿ ಆ ಮಾತು ಮರೆಸಬೇಕೆಂದು, "ಕುಂದರಿಸಿದರ ಟಿಕೇಟ ತಗೀಬೇಕಾಗತೈತ್ರಿ, ಸಾವ್ಕಾರ್ರ" ಎಂದೆ.

ಅವರು ಸ್ವಲ್ಪ ವಿಚಾರ ಮಾಡಿ, "ತಗಿ. ಆದರ ಕಿಟಕಿ ಕಡೀದು ತಗಿ" ಎಂದರು.

ಪರದೆಯ ಆಚೆ

ಇಟಲಿಯ ಗಿರಾಕಿ ದೊಡ್ಡ ಮನುಷ್ಯ. ಎರಡನೆಯ ಸಲ ಕರೆಸುವಾಗ ಸಾಹುಕಾರರಿಗೆ ಫಸ್ಟ್ ಕ್ಲಾಸಿನ ಟಿಕೀಟು ಕಳಿಸಿದ್ದ. ನನ್ನದು ಹಿಂದಿನ ಕ್ಲಾಸು, ಅದರಲ್ಲೂ ಕಟ್ಟಕಡೆಯ ಸಾಲು, ಪಾಯಖಾನೆಯ ಗೋಡೆಗೆ ಹತ್ತಿದ ಸೀಟು. ನಡುವೆ ಒಂದು ಪರದೆ. ಪರದೆಯ ಆಚೆ ಹೋದವರಿಗೆ ಗಾಜಿನ ಲೋಟ, ಈಚೆ ಇದ್ದವರಿಗೆ ಪ್ಲಾಸ್ಟಿಕ್ ಲೋಟ.

ವಿಮಾನ ಏರಿ ಸ್ವಲ್ಪ ಹೊತ್ತಾಗಿತ್ತು. ಮುಂದಿನಿಂದ, "ಮಲಗಿಸಬ್ಯಾಡ! ಏ, ಮಲಗಿಸಬ್ಯಾಡ ನನ್ನ!" ಎಂದು ಅಪ್ಪಟ ಇಳಕಲ್ಲಿನ ಕೂಗು ಕೇಳಿಸಿತು. ಬೆಲ್ಟು ಬಿಚ್ಚಿ ಓಡಿದೆ.

ಆಗಿದ್ದು ಇಷ್ಟೆ. ವಯಸ್ಸಾದವರು, ಆರಾಮಾಗಿರಲಿ ಎಂದು ಗಗನಸಖಿ ಪಾಪ ಗುಂಡಿ ಒತ್ತಿ ಸೀಟನ್ನು ಹಿಂದಕ್ಕೆ ಬಾಗಿಸಿದ್ದಳು. ಕಾಲಿನ ಕೆಳಗಿನ ಹಲಗೆ ಮೇಲೆದ್ದಿತ್ತು. ಮೇಲೆ ಕುತ್ತಿಗೆಯವರೆಗೆ ಬಿಳಿ ಹೊದಿಕೆ ಹೊದಿಸಿದ್ದಳು. ಸಾಹುಕಾರರು ಹೊದಿಕೆ ಒದ್ದು, ಏದುಸಿರು ಬಿಡುತ್ತ ಎದ್ದು ನಿಂತಿದ್ದರು.

"ಇದು ಕ್ಲಾಸೇನು ತಮ್ಮಾ? ಬಿಳಿ ಅರಿವಿ ಹೊಚ್ಚಿ ಉದ್ದಕ ಮಾಡತಾರ. ಸುತ್ತ ನೋಡು, ಒಬ್ಬರರ ಮಾತಾಡತಾರೇನು? ಸತ್ತವರ ಮನಿಗೆ ಬಂದವರಂಗ ಕುಂತಾರ."

ಎಷ್ಟು ಹೇಳಿದರೂ ಅಲ್ಲಿ ಕೂರಲಿಲ್ಲ. ನನ್ನನ್ನು ಅಲ್ಲಿ ಕೂರಿಸಿ ತಾವು ಹಿಂದೆ ಹೋದರು. ಮೆತ್ತನೆಯ ಸೀಟಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಹಿಂದೆ ಅವರಿಗೆ ಉಸಿರು ಕಟ್ಟಿದರೆ ಎಂಬುದೇ ಚಿಂತೆ. ನೋಡಲು ಹೋದಾಗ, ಗೋಡೆಗೆ ಹತ್ತಿದ ಆ ಸೀಟಿನಲ್ಲಿ ಕಂಬದ ಹಾಗೆ ನೆಟ್ಟಗೆ ಕುಳಿತು ಗೊರಕೆ ಹೊಡೆಯುತ್ತಿದ್ದರು. ಎಷ್ಟೋ ತಿಂಗಳಾಗಿತ್ತು, ಅವರು ಹಾಗೆ ನಿದ್ದೆ ಮಾಡಿದ್ದನ್ನು ನಾನು ನೋಡಿ.

ಎದ್ದ ಮೇಲೆ ಅದೇ ಗಗನಸಖಿ ಬಂದು ಸಣ್ಣ ಮೋರೆ ಮಾಡಿಕೊಂಡು ಏನೋ ಹೇಳಿದಳು.

"ಏನಂತಾಳ?"

"ಕ್ಷಮಾ ಮಾಡ್ರಿ, ಕಡೀ ಸಾಲಿನ ಸೀಟು ಹಿಂದಕ್ಕ ಬಾಗೂದಿಲ್ಲ, ನಿಮಗ ತ್ರಾಸ ಆತು ಅಂತಾಳ್ರಿ."

"ಕ್ಷಮಾ ಯಾತರದು? ಮುಂದಿನ ಕ್ಲಾಸಿನ್ಯಾಗೂ ಇಂಥಾವ ಹಾಕ್ರಿ ಅಂತ ಹೇಳು!"

ಮೊಣಕಾಲೂರಿದ ಹುಡುಗಿಯರು

ಜಪಾನಿಗೆ ಹೋಗುವ ಹೊತ್ತಿಗೆ ಎಂಬತ್ತರ ದಶಕ ನಡೆದಿತ್ತು. ವಿಮಾನಗಳಲ್ಲಿ ಮುಂದಿನದೂ ಅಲ್ಲದ ಹಿಂದಿನದೂ ಅಲ್ಲದ ನಡುವಿನ ಕ್ಲಾಸೊಂದು ಹುಟ್ಟಿಕೊಂಡಿತ್ತು. ಈ ಸಲ ಇಬ್ಬರಿಗೂ ಅದೇ. ಸೀಟು ಅರ್ಧ ಬಾಗುತ್ತಿತ್ತು. "ಇವರಿಗೆ ಮಲಗಿಸೂದೂ ಗೊತ್ತಿಲ್ಲ, ಕುಂದರಿಸೂದೂ ಗೊತ್ತಿಲ್ಲ" ಎಂದು ಸಾಹುಕಾರರು ಏರಿದ ಕೂಡಲೆ ಹೆಸರಿಟ್ಟರು.

ಆದರೆ ಆ ಕಂಪನಿಯ ಗಗನಸಖಿಯರದು ಬೇರೆಯೇ ಪದ್ಧತಿ. ಸೀಟಿನಲ್ಲಿ ಕುಳಿತವರ ಜೊತೆ ನಿಂತು ಮಾತನಾಡುವುದು ಅವರಿಗೆ ಅಗೌರವ. ಒಬ್ಬ ಹುಡುಗಿ ಬಂದವಳೇ ಸಾಹುಕಾರರ ಮುಂದೆ ಮೊಣಕಾಲೂರಿ ಕುಳಿತು ತಲೆ ಬಾಗಿಸಿದಳು.

ಸಾಹುಕಾರರು ಗಡಬಡಿಸಿ ಎದ್ದರು. "ಏ, ಏ, ಏಳವ್ವಾ! ಕಾಲಿಗೆ ಬೀಳ್ತಾಳಲ್ಲೋ ತಮ್ಮಾ ಈ ಕೂಸು!"

ಅವಳು ಕೇಳಿದ್ದು ಟೀ ಬೇಕೋ ಕಾಫಿ ಬೇಕೋ ಎಂದು. ಅದನ್ನು ನಾನು ಹೇಳುವುದರೊಳಗೆ ಅವರು ಚೀಲಕ್ಕೆ ಕೈ ಹಾಕಿಯಾಗಿತ್ತು. ಗಿರಾಕಿಗಳ ಮನೆಯ ಹೆಣ್ಣುಮಕ್ಕಳಿಗೆಂದು ಅವ್ವಾರು, ಅಂದರೆ ಸಾಹುಕಾರರ ಹೆಂಡತಿ, ಗುಳೇದಗುಡ್ಡದ ರವಿಕೆ ಖಣಗಳನ್ನು ಕಟ್ಟಿಕೊಟ್ಟಿದ್ದರು. ಕಾಲಿಗೆ ಬಿದ್ದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿ ಉಂಟೆ? ಒಂದು ಖಣ ಅವಳ ಕೈಯಲ್ಲಿಟ್ಟು, "ಮುತ್ತೈದಿಯಾಗಿ ನೂರು ವರ್ಸ ಬಾಳವ್ವಾ" ಎಂದು ತಲೆ ಮುಟ್ಟಿ ಹರಸಿದರು. ಅವಳು ಇನ್ನಷ್ಟು ಬಗ್ಗಿದಳು. ಒಳಗೆ ಹೋಗಿ ಗೆಳತಿಯರಿಗೆ ಹೇಳಿದಳೆಂದು ಕಾಣುತ್ತದೆ. ಇನ್ನೊಬ್ಬಳು ನೀರು ತಂದಳು, ಮೊಣಕಾಲೂರಿದಳು. ಮತ್ತೊಬ್ಬಳು ದಿಂಬು ತಂದಳು, ಮೊಣಕಾಲೂರಿದಳು.

ಇಳಿಯುವ ಹೊತ್ತಿಗೆ ಸಾಹುಕಾರರ ಪಾದಗಳು ಬೂಟಿಗೆ ಹೋಗದಷ್ಟು ಬಾತುಕೊಂಡಿದ್ದವು. ಬೇನೆ ಹೆಚ್ಚಾಗಿತ್ತು. ಅದನ್ನು ನೋಡಿ ಮೊದಲಿನ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು, ತಾನೇ ಕೆಳಗೆ ಕುಳಿತು ಬಟ್ಟೆಯ ಚಪ್ಪಲಿ ಹಾಕಿಕೊಟ್ಟಳು. ಸಾಹುಕಾರರ ಕಣ್ಣೂ ತುಂಬಿದವು. ಚೀಲದ ತಳ ತಡಕಾಡಿದರು.

"ಖಣಾ ತೀರಿದುವು ತಮ್ಮಾ. ಈ ವಿಮಾನದಾಗ ಸೇವಾ ಭಾಳ ಆತು" ಎಂದು ಅದಕ್ಕೂ ಹೆಸರಿಟ್ಟರು.

ಬಾದಾಮಿಯ ಬೀಗರು

ಜಪಾನಿನಿಂದ ಬಂದ ಮೇಲೆ ಸಾಹುಕಾರರು ಬಾದಾಮಿಯಲ್ಲಿದ್ದ ಮಗಳ ಮನೆಗೆ ಹೋದರು. ನಾನೂ ಜೊತೆಗಿದ್ದೆ. ಬೀಗರು ಪಡಸಾಲೆಯಲ್ಲಿ ಓಣಿಯ ಮಂದಿಯನ್ನೆಲ್ಲ ಕೂಡಿಸಿಕೊಂಡು ಕುಳಿತಿದ್ದರು. ಬನಶಂಕರಿಯ ಆಚೆ ಕಾಲಿಡದವರಿಗೆ ವಿಮಾನದ ಸುದ್ದಿ ಕೇಳುವ ಆಸೆ.

ಬೀಗರು ಕೇಳಿದರು: "ಇಷ್ಟೆಲ್ಲಾ ಕ್ಲಾಸಿನ್ಯಾಗ ಅಡ್ಡ್ಯಾಡೀರಿ. ಸುಖದ ಕ್ಲಾಸು ಯಾವುದರಿ ಬೀಗರ?"

ಸಾಹುಕಾರರು ಎಲ್ಲದಕ್ಕೂ ಹೆಸರಿಟ್ಟರು. ಮುಂದಿನ ಕ್ಲಾಸಿನಲ್ಲಿ ಮಾತಿಲ್ಲ, ನಡುವಿನದರಲ್ಲಿ ನೇರವಿಲ್ಲ, ಹಿಂದಿನದರಲ್ಲಿ ಮೊಣಕಾಲಿಗೆ ಜಾಗವಿಲ್ಲ. ಕೊನೆಗೆ ಹೇಳಿದರು: "ಹುನಗುಂದದಿಂದ ಇಳಕಲ್ಲಿಗೆ ಬರೂ ಕೆಂಪ ಬಸ್ಸು ನೋಡ್ರಿ, ಅದರಂಗ ಯಾವುದೂ ಇಲ್ಲ. ಸಂತೀ ದಿನಾ ಅದರಾಗ ಸತ್ರೂ ಮನಶ್ಯಾ ಕೆಳಗ ಬೀಳೂದಿಲ್ಲ. ಮಂದಿ ಗದ್ದಲಾನ ಹಿಡಕೊಂಡಿರತೈತಿ."

ಪಡಸಾಲೆ ಎಲ್ಲ ನಕ್ಕಿತು. ಟೀ ತಂದಿದ್ದ ಮಗಳು ಮಾತ್ರ ತಟ್ಟೆ ಅಲ್ಲೇ ಇಟ್ಟು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ಸಾಹುಕಾರರು ಅದನ್ನು ನೋಡಿಯೂ ನೋಡದವರಂತೆ ಕಪ್ಪು ಬಾಯಿಗಿಟ್ಟು, "ಟೀಗೆ ಸಕ್ಕರಿ ಕಡಿಮಿ ಐತಿ" ಎಂದರು.

ಕ್ಲಾಸಿಲ್ಲದ ವಿಮಾನ

ಮರುವರ್ಷ ಅವರನ್ನು ಮುಂಬಯಿಯ ದೊಡ್ಡ ದವಾಖಾನೆಗೆ ಸೇರಿಸಿದೆವು. ಅವ್ವಾರೂ ಬಂದಿದ್ದರು. ಕೆಲವು ದಿನ ನೋಡಿ ಅಲ್ಲಿಯ ಡಾಕ್ಟರು, "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದರು. ಆ ಮಾತಿನ ಅರ್ಥ ಮೂವರಿಗೂ ತಿಳಿಯಿತು. ಸಾಹುಕಾರರು ನನ್ನನ್ನು ನೋಡಿ, "ತಡಾ ಮಾಡಬ್ಯಾಡ" ಎಂದರು. ಪೆಟ್ಟಿಗೆಯ ಹೆದರಿಕೆ ಅವರ ಮುಖದಲ್ಲಿ ಮೊದಲಿಗಿಂತ ಹೆಚ್ಚಾಗಿತ್ತು.

ಬೆಳಗಾವಿಯ ವಿಮಾನದ ಟಿಕೀಟು ಕೇಳಲು ಹೋದೆ. ಅಲ್ಲಿಯ ಗುಮಾಸ್ತ ಒಳ್ಳೆಯವನು. ಇಂಥ ರೋಗಿಗಳಿಗೆ ಹಿಂದಿನ ಸೀಟುಗಳನ್ನೆಲ್ಲ ಮಡಚಿ ಮೇಲೆ ಸ್ಟ್ರೆಚರ್ ಹಾಕಿಕೊಡುತ್ತೇವೆ, ಉದ್ದಕ್ಕೆ ಮಲಗಿ ಹೋಗಬಹುದು ಎಂದ. ನನ್ನ ಜೊತೆಗಿದ್ದ ಅವ್ವಾರು ಅಡ್ಡ ಬಂದರು. "ಅವರು ಕುಂದರತಾರ. ಹೇಳು ಅವಗ, ನಮ್ಮವರು ಮಲಗೂ ಪೈಕಿ ಅಲ್ಲ."

ಅದು ಪಂಖ ತಿರುಗುವ ಸಣ್ಣ ವಿಮಾನ. ಸಾಹುಕಾರರನ್ನು ಕಿಟಕಿಯ ಕಡೆ ಕೂರಿಸಿ, ಬೆಲ್ಟಿನ ಮೇಲೆ ಶಾಲು ಸುತ್ತಿ, ಆಸರೆಗೆ ಅವ್ವಾರು ಪಕ್ಕದಲ್ಲಿ ಕುಳಿತರು. ನಾನು ದಾರಿಯ ಈಚೆಗೆ ಕುಳಿತೆ. ಮೋಡಗಳ ಮೇಲೆ ಬಂದಾಗ ಸಾಹುಕಾರರು ಕಣ್ಣು ತೆರೆದು ಸುತ್ತ ನೋಡಿದರು.

"ಇದು ಯಾವ ಕ್ಲಾಸು ತಮ್ಮಾ? ಪರದೆ ಕಾಣವಲ್ದು."

"ಇದರಾಗ ಕ್ಲಾಸ ಇಲ್ಲರಿ. ಎಲ್ಲಾರಿಗೂ ಒಂದ."

"ಹೌದು?" ಎಂದರು. ಮುಂದೆ ಏನೋ ಹೇಳುವವರಿದ್ದರು. ಹೇಳಲಿಲ್ಲ. ಕಿಟಕಿಯ ಕಡೆ ತಲೆ ವಾಲಿತು.

ಅವ್ವಾರು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅಳಲಿಲ್ಲ. "ಬಾಯಿ ತಗೀಬ್ಯಾಡ" ಎಂದು ಪಿಸುಗುಟ್ಟಿದರು. "ತಿಳೀತಂದರ ವಿಮಾನಾ ತಿರುಗಿಸ್ತಾರ. ಮತ್ತ ಆ ಪೆಟ್ಟಿಗಿ ಬರತೈತಿ."

ಅವ್ವಾರು ಮನೆಯಲ್ಲಿ ಮಾಡುವಂತೆಯೇ ಎಲ್ಲ ಮಾಡಿದರು. ಕಣ್ಣು ಮುಚ್ಚಿಸಿದರು. ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿದರು. ಅವರ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ ಬಿಚ್ಚಿ, ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ಆ ಕೈಯನ್ನು ತಮ್ಮ ಕೈಯಿಂದ ಎತ್ತಿ ಹಿಡಿದರು.

ಗಗನಸಖಿ ತಟ್ಟೆ ಹಿಡಿದು ಬಂದಳು. "ಸಾಹೇಬರಿಗೆ ಟೀನೋ ಕಾಫಿನೋ?"

"ಪೂಜೆಗೆ ಕುಳಿತಿದ್ದಾರೆ" ಎಂದೆ. ಲಿಂಗಪೂಜೆಗೆ ಕುಳಿತವರನ್ನು ಮಾತನಾಡಿಸಬಾರದು ಎಂದೂ ಸೇರಿಸಿದೆ.

ಆ ಹುಡುಗಿ ಭಕ್ತಿಯಿಂದ ತಲೆ ಬಾಗಿಸಿದಳು. ಮುಂದೆ ಹೋಗಿ, ಜೋರಾಗಿ ಹರಟುತ್ತಿದ್ದ ನಾಲ್ವರಿಗೆ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಕಿಟಕಿಯ ಬಿಸಿಲು ಮುಖಕ್ಕೆ ಬೀಳುತ್ತಿದೆ ಎಂದು ತಾನೇ ಬಂದು ಅದರ ಮುಚ್ಚಳ ಎಳೆದಳು. ಎದುರಿನ ಸಾಲಿನ ಮುದುಕರೊಬ್ಬರು ಎದ್ದು ಬಂದು ಸಾಹುಕಾರರಿಗೆ ಕೈಮುಗಿದು ಹೋದರು. ನಾನು ಹತ್ತಿದ ಯಾವ ವಿಮಾನದಲ್ಲೂ ಯಾವ ಕ್ಲಾಸಿನವರಿಗೂ ಅಂಥ ಮರ್ಯಾದೆ ಸಿಕ್ಕಿದ್ದನ್ನು ನೋಡಿಲ್ಲ. ನಗು ಬಂತು. ಹಾಳಾದ್ದು, ಆಗಲೇ ಬಂತು. ವಾಂತಿಗೆ ಕೊಟ್ಟಿದ್ದ ಕಾಗದದ ಚೀಲದಲ್ಲಿ ಮುಖ ಹುದುಗಿಸಿ ಅತ್ತೆ.

ಬೆಳಗಾವಿಯಲ್ಲಿ ಕುರ್ಚಿ ತಂದು ನಾಲ್ಕು ಜನ ಹೊತ್ತು ಮೆಟ್ಟಿಲು ಇಳಿಸಿದರು. ಕುರ್ಚಿಯ ಮುಂದಿನ ಕಾಲು ಹಿಡಿದಿದ್ದ ಆಳಿಗೆ ಗೊತ್ತಾಯಿತು. ನನ್ನ ಮುಖ ನೋಡಿದ. ಕುರ್ಚಿ ಕೆಳಗಿಟ್ಟ ಮೇಲೆ ತಲೆಯ ಟೊಪ್ಪಿಗೆ ತೆಗೆದು, ಕೈಯಲ್ಲಿ ಹಿಡಿದು ಹೋದ. ಬಾಗಿಲಲ್ಲಿ ನಿಂತಿದ್ದ ಗಗನಸಖಿ ನನಗೆ ಏನೋ ಕೇಳಿದಳು. ನಾನು ಗೋಣು ಹಾಕಿದೆ.

ಇಳಕಲ್ಲಿನಿಂದ ಬಂದಿದ್ದ ಕಾರಿನಲ್ಲಿ ಅವರನ್ನು ನಡುವೆ ಕೂರಿಸಿಕೊಂಡು ನಾವಿಬ್ಬರು ಎರಡೂ ಕಡೆ ಕುಳಿತೆವು. ಬಾಗಲಕೋಟೆ ದಾಟಿದ ಮೇಲೆ ಅವ್ವಾರು ಕೇಳಿದರು:

"ತಮ್ಮಾ, ಆ ಹುಡಿಗಿ ಬಾಗಲದಾಗ ಏನಂದ್ಲು?"

"ಸಾಹೇಬ್ರಿಗೆ ನಮ್ಮ ಸೇವಾ ಚಲೋ ಅನಸ್ತೇನು, ಏನರ ಕೊರತಿ ಆತೇನು ಅಂತ ಕೇಳಿದ್ಲರಿ."

"ನೀ ಏನಂದಿ?"

"ಎಲ್ಲಾ ಚಲೋ ಆತಂತ ಗೋಣ ಹಾಕಿದೆರಿ ಅವ್ವಾರ."

ಅವ್ವಾರು ಗಂಡನ ಮುಖವನ್ನು ತಿರುಗಿ ನೋಡಿದರು. ಅವರ ಹಣೆಯಿಂದ ಉದುರಿದ ವಿಭೂತಿಯನ್ನು ಸೆರಗಿನಿಂದ ಒರೆಸಿದರು.

"ಖರೇನ ಹೇಳೀದಿ ಬಿಡು. ಇಷ್ಟ ವಿಮಾನಾ ಹತ್ತಿ ಇಳಿದ್ರು, ಇದೊಂದಕ್ಕ ನೋಡು ಹೆಸರಿಡಲಿಲ್ಲ" ಎಂದು ನಕ್ಕರು. ಹಾಗೆ ನಕ್ಕವರು ಹುನಗುಂದ ದಾಟಿದರೂ ಅಳು ನಿಲ್ಲಿಸಲಿಲ್ಲ.