ನೋವಿಗೆ ಸೊನ್ನೆ

ಮುಳಬಾಗಿಲಿನ ಪಂಪ್‌ಸೆಟ್ ರಿಪೇರಿ ವೆಂಕಟರಾಯಪ್ಪನಿಗೆ ಮಿಷನ್ ಎಂದರೆ ನಂಬಿಕೆಯಿಲ್ಲ. ದಿನಬೆಳಗಾದರೆ ಅವುಗಳ ಹೊಟ್ಟೆ ಬಗೆಯುವವನು, ಹೇಗೆ ತಾನೇ ನಂಬಿಯಾನು? ಅದಕ್ಕೇ ಆ ಬೆಳಿಗ್ಗೆ ಕೋಲಾರದ ಹಲ್ಲಿನ ಡಾಕ್ಟರ್ ಮೇಘನ, "ರೂಟ್ ಕೆನಾಲ್‌ನಲ್ಲಿ ಬೇರಿನ ಒಳಗಡೆ ಮಿಷನ್‌ನಲ್ಲೂ ಉಜ್ಜಬಹುದು, ಕೈಯಲ್ಲೂ ಉಜ್ಜಬಹುದು. ಯಾವುದ್ರಲ್ಲಿ ಆಮೇಲೆ ನೋವು ಕಡಿಮೆ ಅಂತ ಪರೀಕ್ಷೆ ಮಾಡ್ತಿದ್ದೀನಿ" ಎಂದಾಗ, "ಕೈಯಲ್ಲೇ ಉಜ್ಜು ತಾಯಿ" ಎಂದುಬಿಟ್ಟ.

ಎಡಗಡೆ ಹಲ್ಲಿನ ಕೆಲಸ ಮುಗಿಸಿ ಡಾಕ್ಟರ್ ಹೇಳಿದಳು: "ಸಂಜೆ ನೋವು ಹತ್ತಕ್ಕೆ ಎಷ್ಟು ಅಂತ ವಾಟ್ಸಾಪ್ ಮಾಡಿ. ಏಳು ದಾಟಿದ್ರೆ ಹಲ್ಲು ಮತ್ತೆ ಬಿಚ್ಚಿ ನೋಡ್ಬೇಕಾಗುತ್ತೆ."

ಊರಿಗೆ ಬಂದು ಬಸ್ಸಿಳಿಯುವ ಹೊತ್ತಿಗೆ ಇಂಜೆಕ್ಷನ್ನಿನ ಜೋರು ಇಳಿಯಿತು. ಅಯ್ಯಯ್ಯೋ, ಅದೇನು ನೋವು! ದವಡೆಯೊಳಗೆ ಯಾರೋ ಬೋರ್‌ವೆಲ್ ಕೊರೆಯುತ್ತಿದ್ದ ಹಾಗೆ. ಸಂಜೆ ಜಗಲಿಯ ಮೇಲೆ ಕೆನ್ನೆ ಹಿಡಿದು ಕೂತವನ ಸುತ್ತ ಬೀದಿಯೇ ಸೇರಿತು.

"ಎಷ್ಟು ಅಂತ ಬರೀಲಿ?" ಎಂದ ವೆಂಕಟರಾಯಪ್ಪ.

"ಹತ್ತು ಬರೀರಿ. ಮಧ್ಯಾಹ್ನದಿಂದ ಗೋಳಾಡ್ತಿಲ್ವಾ?" ಎಂದಳು ಹೆಂಡತಿ ಗಂಗರತ್ನಮ್ಮ.

"ವದ್ದು ವದ್ದು, ಹತ್ತು ಬೇಡ!" ಪಕ್ಕದ ಮನೆಯ ಮುನಿರಾಮಪ್ಪ ಹೌಹಾರಿದ. "ನಿಜ ಹೇಳಿ ನಾನು ಕೆಟ್ಟೆ ಕಣೋ. ಇದೇ ಡಾಕ್ಟ್ರಿಗೆ ಎಂಟು ಅಂದೆ. ಹಾಕಿದ್ದ ಸಿಮೆಂಟೆಲ್ಲ ಕಿತ್ತು ಮತ್ತೆ ಮೊದಲಿಂದ ಶುರು ಹಚ್ಕೊಂಡ್ರು!"

"ಅಂಗಾರೆ ಆರು ಹಾಕು" ಎಂದಳು ಎದುರುಮನೆ ಭಾರತಮ್ಮ.

"ಆರಾ? ಏಳಕ್ಕೆ ಇನ್ನೊಂದೇ ಬಾಕಿ. ಡಾಕ್ಟ್ರಿಗೆ ಅನುಮಾನ ಬರಲ್ವೇನಮ್ಮ?" ಎಂದ ಮುನಿರಾಮಪ್ಪ.

ಆರು ನಾಲ್ಕಕ್ಕಿಳಿಯಿತು, ನಾಲ್ಕು ಎರಡಕ್ಕೆ. ಟೊಮೆಟೊ ಹರಾಜಿನಲ್ಲೂ ಇಷ್ಟು ಬೇಗ ಬೆಲೆ ಬಿದ್ದಿದ್ದಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತಲೇ ವೆಂಕಟರಾಯಪ್ಪ ಸೊನ್ನೆ ಒತ್ತಿ ಕಳಿಸಿದ. ಆ ಕುರ್ಚಿಗೆ ಮಾತ್ರ ಮತ್ತೆ ಕೂರಿಸಬೇಡಪ್ಪ ಎಂದು ಕುರುಡುಮಲೆ ಗಣಪನಿಗೆ ಕೈಮುಗಿದ.

ಐದು ನಿಮಿಷವೂ ಆಗಿರಲಿಲ್ಲ, ಡಾಕ್ಟರ್ ಫೋನು! ಗಂಗರತ್ನಮ್ಮ ಹಲೋ ಎಂದು ಸ್ಪೀಕರ್ ಹಾಕಿದಳು.

"ಸೊನ್ನೇನಾ? ನಿಜವಾಗ್ಲೂ ಸೊನ್ನೇನಾ?" ಡಾಕ್ಟರ್ ಕೂಗಿದಳು. "ಕೈಯಲ್ಲಿ ಉಜ್ಜಿಸ್ಕೊಂಡೋರೆಲ್ಲ ಎಂಟು, ಒಂಬತ್ತು ಅಂದಿದ್ರು. ಆ ವಿಧಾನವನ್ನೇ ಕೈಬಿಡೋದ್ರಲ್ಲಿದ್ದೆ. ನಿಮ್ಮೆಜಮಾನ್ರನ್ನ ನೋಡೋಕೆ ನಾಳೆ ನಮ್ಮ ಕಾಲೇಜಿನ ಮೇಷ್ಟ್ರೇ ಆಸ್ಪತ್ರೆಗೆ ಬರ್ತಿದ್ದಾರೆ!"

"ಅದಕ್ಕೇನು, ನೋಡ್ಲಿ ಬಿಡಿ" ಎಂದಳು ಗಂಗರತ್ನಮ್ಮ ಹೆಮ್ಮೆಯಿಂದ.

"ಬರೀ ನೋಡೋಕಲ್ಲಮ್ಮ. ಅವರ ಬಲಗಡೆ ಇನ್ನೂ ಮೂರು ಹಲ್ಲು ಹುಳುಕಾಗಿವೆ. ಮೂರನ್ನೂ ಮೇಷ್ಟ್ರ ಎದುರಿಗೇ ಕೈಯಲ್ಲೇ ಉಜ್ಜಿ ತೋರಿಸ್ತೀನಿ!"

ವೆಂಕಟರಾಯಪ್ಪ ಎರಡೂ ಕೆನ್ನೆ ಹಿಡಿದುಕೊಂಡ. ನಿಜ ಹೇಳಿದರೆ ಎಡಗಡೆ ಬಿಚ್ಚುತ್ತಾರೆ, ಹೇಳದಿದ್ದರೆ ಬಲಗಡೆ.

ಅವನು ಬಾಯಿ ತೆರೆಯುವಷ್ಟರಲ್ಲಿ ಮುನಿರಾಮಪ್ಪ ಫೋನಿನ ಮೇಲೆ ಬಗ್ಗಿದ್ದ: "ಮೊದಲ್ನೇ ಬಸ್ಸಿಗೇ ಹತ್ತಿಸ್ತೀವಿ ಡಾಕ್ಟ್ರೇ!"